ಮಾವ, ಇದೇನಿದು? ಅಟ್ಟದ ಮೇಲಿನ ಸಾಮಾನುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಕನ ಮಗ ರಜೆಗೆ ಬಂದಾಗೆಲ್ಲ ಅಟ್ಟ ಹತ್ತಿ ಒಂದೊಂದೇ ಡಬ್ಬ ಇಳಿಸ್ತಾನೆ, ಇಳಿಸಿ ಧೂಳು ಒರೆಸೋಕೆ ಮುಂಚೆನೇ "ಮಾವ, ಇದೇನಿದು?" ಅಂತ ಶುರು ಹಚ್ಕೋತಾನೆ. ಅವನಿಗೆ 13 ವರ್ಷ, ಬೆರಳು ತಾಗಿಸಿದ ತಕ್ಷಣ ಕೆಲಸ ಮಾಡೋ ಸಾಮಾನು ಬಿಟ್ಟು ಬೇರೆ ಕಂಡಿಲ್ಲ. ಆಫೀಸಲ್ಲಿ ಹೊಸದಾಗಿ ಸೇರಿರೋ ಹುಡುಗ್ರೂ ಅದೇ ಪ್ರಶ್ನೆಗಳನ್ನೇ ಕೇಳ್ತಾರೆ, ಏನೋ ಸ್ವಲ್ಪ ಮರ್ಯಾದೆ ಸೇರಿಸಿ "ನಿಮ್ಮ ಕಾಲದಲ್ಲಿ ಸರ್..." ಅಂತ. ಎಷ್ಟು ಸಲ ಅಂತ ಹೇಳೋದು, ಅದಕ್ಕೇ ಒಂದ್ಸಲ ಕೂತು ಬರೆದಾಕ್ಬಿಟ್ಟೆ. ಕ್ರಮ ಗಿಮ ಏನೂ ಇಲ್ಲ, ಯಾವ ಡಬ್ಬ ಮೊದಲು ಇಳೀತೋ ಅದು ಮೊದಲು.

ಕ್ಯಾಸೆಟ್ಟಿಗೂ ಪೆನ್ಸಿಲ್ಲಿಗೂ ಏನು ಸಂಬಂಧ?

ಇದು ಎಲ್ಲರೂ ಕೇಳೋ ಪ್ರಶ್ನೆ, ಉತ್ತರ ಅರ್ಧ ಎಲ್ಲರಿಗೂ ಗೊತ್ತು. ಕ್ಯಾಸೆಟ್ಟಿನ ಮಧ್ಯೆ ಎರಡು ತೂತು, ಒಂದೊಂದರ ಒಳಗೂ 6 ಹಲ್ಲು, ಆರು ಮೂಲೆ ಇರೋ ಪೆನ್ಸಿಲ್ ತೂರಿಸಿದ್ರೆ ಅಳತೆ ತಗೊಂಡು ಮಾಡಿದ ಹಾಗೆ ಕೂರತ್ತೆ. ಪೆನ್ಸಿಲ್ ಹಿಡ್ಕೊಂಡು ಕ್ಯಾಸೆಟ್ಟನ್ನೇ ಗಿರಗಿರ ತಿರುಗಿಸಿದ್ರೆ ಟೇಪು ಸುತ್ಕೊಳ್ಳತ್ತೆ. ಬ್ಯಾಟರಿ ಉಳಿಸೋಕೆ ಹಾಗೆ ರಿವೈಂಡ್ ಮಾಡ್ತಿದ್ವಿ, ಅದು ಸುಲಭದ ಕೆಲಸ.

ಕಷ್ಟದ ಕೆಲಸ ಬೇರೆ ಇತ್ತು, ಅದೇ ಟೇಪ್ ಸಿಕ್ಕಾಕ್ಕೊಳ್ಳೋದು. ಹಾಡು ಚೆನ್ನಾಗಿ ಬರ್ತಾ ಬರ್ತಾ ದನಿ ಒಂಥರಾ ನೀರೊಳಗಿಂದ ಬಂದ ಹಾಗೆ ಆಗತ್ತೆ, ಆ ಕ್ಷಣಕ್ಕೆ ಎಲ್ಲಿದ್ರೂ ಓಡಿ ಬಂದು ಸ್ಟಾಪ್ ಒತ್ತಬೇಕು, ಇನ್ನೊಂದು ನಾಲ್ಕು ಸೆಕೆಂಡ್ ಬಿಟ್ರೆ ಒಳಗಿರೋ ರಬ್ಬರ್ ಚಕ್ರಕ್ಕೆ ಟೇಪು ಸುತ್ತಿ ಸುತ್ತಿ ಗಂಟಾಗಿರತ್ತೆ. ಮುಚ್ಚಳ ತೆಗೆದು ಕ್ಯಾಸೆಟ್ಟನ್ನ ಎಳೀಬಾರ್ದು, ಎಳೆದ್ರೆ ಹರೀತು ಅಂತಾನೇ ಲೆಕ್ಕ. ಸ್ವಲ್ಪ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಚಕ್ರಾನ ಹಿಂದಕ್ಕೆ ತಿರುಗಿಸ್ತಾ, ಉಸಿರು ಬಿಗಿ ಹಿಡ್ಕೊಂಡು ಬಿಡಿಸ್ಬೇಕು. ಟೇಪಿನ ಅಗಲ 4 ಮಿಲಿಮೀಟರ್ ಕೂಡ ಇಲ್ಲ, 3.81. ಬಿಡಿಸಿದ್ಮೇಲೂ ಮಡಿಕೆ ಬಿದ್ದ ಜಾಗದಲ್ಲಿ ಹಾಡು ಪ್ರತಿ ಸಲ ಒಂದು ಕ್ಷಣ ತೊದಲತ್ತೆ. ನಮ್ಮನೆ ಕ್ಯಾಸೆಟ್ಟಲ್ಲಿ ಒಂದು ಹಾಡಿನ ಎರಡನೇ ಚರಣದ ಹತ್ರ ಹಾಗೆ ತೊದಲ್ತಿತ್ತು, ಆಮೇಲೆ ಯಾವತ್ತೋ ಬೇರೆಯವರ ಮನೇಲಿ ಅದೇ ಹಾಡು ಕೇಳಿದಾಗ ಆ ಜಾಗ ನೀಟಾಗಿ ದಾಟಿ ಹೋಯ್ತು, ನನಗೆ ಮೆಟ್ಟಿಲು ತಪ್ಪಿದ ಹಾಗಾಯ್ತು.

ಅಂದಹಾಗೆ ಇದನ್ನ ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ಒಂದು ಪ್ರದರ್ಶನದಲ್ಲಿ ತೋರಿಸಿದ್ದು, ಲೂ ಓಟೆನ್ಸ್ ಅನ್ನೋ ಎಂಜಿನಿಯರ್ ಮುಂದೆ ನಿಂತು ಮಾಡಿಸಿದ್ದು. ಸೆಕೆಂಡಿಗೆ 4.76 ಸೆಂಟಿಮೀಟರ್ ಓಡತ್ತೆ, ಅಂದ್ರೆ 60 ನಿಮಿಷದ ಕ್ಯಾಸೆಟ್ಟಲ್ಲಿ ಸುಮಾರು 86 ಮೀಟರ್ ಟೇಪು. ಅಕ್ಕನ ಮಗ ಒಂದ್ಸಲ ಹಾಳಾದ ಕ್ಯಾಸೆಟ್ಟಿಂದ ಪೂರ್ತಿ ಎಳೆದು ನೋಡ್ದ, ಮನೆ ಸುತ್ತ ಆಯ್ತು, ಸುತ್ತಿ ಒಳಗೆ ತುಂಬೋಕೆ ಮಾತ್ರ ಆಗ್ಲಿಲ್ಲ.

ಬೇಕಾದ ಹಾಡಿಗೆ ಹೇಗೆ ಹೋಗ್ತಿದ್ರಿ?

ಅಂದಾಜಿನ ಮೇಲೆ. ಕಿಟಕಿಯಲ್ಲಿ ಎರಡೂ ಕಡೆ ಎಷ್ಟೆಷ್ಟು ದಪ್ಪ ಟೇಪ್ ಸುತ್ತಿದೆ ಅಂತ ಕಾಣ್ತಿತ್ತಲ್ಲ, ಅದನ್ನ ನೋಡಿ ಫಾರ್ವರ್ಡ್ ಒತ್ತಿ, ಮನಸ್ಸಲ್ಲೇ ಎಣಿಸಿ, ಬಿಟ್ಟು, ಪ್ಲೇ. ಮುಂದೆ ಹೋಗಿದ್ರೆ ಸ್ವಲ್ಪ ಹಿಂದೆ. ಕೆಲವು ಸೆಟ್ಟಲ್ಲಿ ಮೂರು ಅಂಕಿ ಕೌಂಟರ್ ಇರ್ತಿತ್ತು, ಕಾರ್ಡಿನ ಹಿಂದೆ 147, 212 ಅಂತ ಬರೆದಿಡ್ತಿದ್ವಿ, ಆದ್ರೆ ಒಂದು ಸೆಟ್ಟಿನ ನಂಬರು ಇನ್ನೊಂದು ಸೆಟ್ಟಿಗೆ ಹೊಂದ್ತಿರ್ಲಿಲ್ಲ, ಯಾಕಂದ್ರೆ ಅದು ನಿಮಿಷ ಎಣಿಸ್ತಿರ್ಲಿಲ್ಲ, ಚಕ್ರದ ಸುತ್ತು ಎಣಿಸ್ತಿತ್ತು, ಅದೂ ಕಂಪನಿಗೊಂದು ಲೆಕ್ಕ. ಒಂದು ಆರು ತಿಂಗಳು ಒಂದೇ ಕ್ಯಾಸೆಟ್ ಕೇಳಿದ್ರೆ ಕೌಂಟರ್ ಬೇಡ, ಬೆರಳಿಗೇ ಗೊತ್ತಿರ್ತಿತ್ತು.

ಹಿಂಭಾಗದಲ್ಲಿ ಎರಡು ಗುಂಡಿ ಇದೆ, ಅದಕ್ಕೆ ಸೆಲ್ಲೋಟೇಪ್ ಅಂಟಿಸಿದೀರಲ್ಲ, ಯಾಕೆ?

ಅಲ್ಲಿ ಚಿಕ್ಕ ಪ್ಲಾಸ್ಟಿಕ್ ನಾಲಿಗೆ ಇರತ್ತೆ, ಅದನ್ನ ಮುರಿದ್ರೆ ಆ ಸೈಡಿನ ಮೇಲೆ ರೆಕಾರ್ಡ್ ಬಟನ್ ಒತ್ತೋಕೇ ಆಗಲ್ಲ. ಅಂಗಡಿಯಿಂದ ತಂದ ಹಾಡಿನ ಕ್ಯಾಸೆಟ್ ಮುರಿದೇ ಬರ್ತಿತ್ತು. ನಮಗೆ ಅದರ ಮೇಲೆ ಬೇರೆ ಏನೋ ರೆಕಾರ್ಡ್ ಮಾಡ್ಬೇಕು ಅಂದಾಗ ಸೆಲ್ಲೋಟೇಪ್ ಅಂಟಿಸಿದ್ರೆ ಮುಗೀತು. ಭದ್ರತೆ ಅಂದ್ರೆ ಅಷ್ಟೇ, ಪಾಸ್‌ವರ್ಡ್ ಇಲ್ಲ ಏನಿಲ್ಲ.

ವಾಕ್‌ಮನ್ನಿಗೆ ಎರಡು ಹೆಡ್‌ಫೋನ್ ತೂತು ಇತ್ತಂತೆ, ನಿಜಾನಾ?

ವಾಕ್‌ಮನ್ ಅಂದ್ರೆ ಜೊತೆಗೆ ಒಯ್ದು ಹೆಡ್‌ಫೋನಲ್ಲಿ ಕೇಳೋ ಪುಟ್ಟ ಕ್ಯಾಸೆಟ್ ಪ್ಲೇಯರ್, ಅದರ ಮೊದಲನೇ ಮಾಡೆಲ್ಲಿಗೆ ಇತ್ತು. ಸೋನಿ 1979ರ ಜುಲೈ 1ಕ್ಕೆ ಜಪಾನಲ್ಲಿ ಮಾರಾಟ ಶುರು ಮಾಡಿದ್ದು, ಅದರಲ್ಲಿ ಇಬ್ಬರು ಕೇಳೋಕೆ ಎರಡು ತೂತು, ಜೊತೆಗೆ ಒಂದು ಕಿತ್ತಳೆ ಬಟನ್, ಅದನ್ನ ಒತ್ತಿದ್ರೆ ಹಾಡಿನ ದನಿ ತಗ್ಗಿ ಮೈಕಿನಲ್ಲಿ ಪಕ್ಕದವರ ಮಾತು ಕೇಳ್ತಿತ್ತು. ಒಬ್ಬನೇ ಕಿವಿಗೆ ಹಾಕ್ಕೊಂಡು ಕೂತ್ರೆ ಜನ ಏನಂದ್ಕೊಳ್ತಾರೋ ಅಂತ ಕಂಪನಿಯವರಿಗೇ ಅಳುಕು. ಈಗ ಬಸ್ಸಲ್ಲಿ ನೋಡಿ.

ಈ ತೂತು ತೂತಿನ ಫೋನಲ್ಲಿ ನಂಬರ್ ಒತ್ತೋದು ಹೇಗೆ?

ಅಕ್ಕನ ಮಗ ಮೊದಲು ಮಾಡಿದ್ದೇ ತೂತಿನೊಳಗೆ ಬೆರಳಿಟ್ಟು ಒತ್ತಿದ್ದು. ಒತ್ತೋದಲ್ಲಪ್ಪ, ಬೆರಳಿಟ್ಟು ಆ ತಗಡಿನ ಕೊಕ್ಕೆ ತನಕ ತಿರುಗಿಸಿ ಬಿಡ್ಬೇಕು. ಬಿಟ್ಟಾಗ ಸ್ಪ್ರಿಂಗ್ ಅದನ್ನ ಟರ್ರ್ ಅಂತ ಒಂದೇ ವೇಗದಲ್ಲಿ ವಾಪಸ್ ತರತ್ತೆ, ಅಸಲಿ ಕೆಲಸ ಆಗೋದು ಆ ವಾಪಸ್ ಬರುವಾಗ. ಒಳಗೆ ಲೈನು ಕಟ್ ಆಗಿ ಕೂಡತ್ತೆ, 4 ತಿರುಗಿಸಿದ್ರೆ ನಾಲ್ಕು ಸಲ, 9 ಅಂದ್ರೆ ಒಂಬತ್ತು ಸಲ, 0 ಅಂದ್ರೆ ಹತ್ತು ಸಲ. ಸೆಕೆಂಡಿಗೆ ಸುಮಾರು 10ರಂತೆ. ಎಕ್ಸ್‌ಚೇಂಜಲ್ಲಿ ಕೂತಿರೋ ಯಂತ್ರ ಆ ಕಟ್ಟುಗಳನ್ನ ಎಣಿಸಿ ಸರಿಯಾದ ಮನೆಗೆ ಲೈನ್ ಕೊಡತ್ತೆ. ಅದಕ್ಕೇ 9, 0 ಜಾಸ್ತಿ ಇರೋ ನಂಬರ್ ಅಂದ್ರೆ ಬೇಜಾರು, ಕೊನೇ ಅಂಕಿಯಲ್ಲಿ ಬೆರಳು ಜಾರಿದ್ರೆ ಮತ್ತೆ ಮೊದಲಿಂದ.

ಇದನ್ನ ಎಣಿಸೋ ಯಂತ್ರ ಮಾಡಿದವನು ಆಲ್ಮನ್ ಸ್ಟ್ರೌಜರ್, ಅಮೆರಿಕದವನು, ವೃತ್ತಿ ಏನ್ ಗೊತ್ತಾ, ಶವಸಂಸ್ಕಾರದ ವ್ಯವಸ್ಥೆ ಮಾಡೋದು. ಪೇಟೆಂಟ್ ಸಿಕ್ಕಿದ್ದು 1891ರಲ್ಲಿ. ಊರಿನ ಟೆಲಿಫೋನ್ ಆಪರೇಟರ್ ತನಗೆ ಬರೋ ಕರೆಗಳನ್ನ ಎದುರಾಳಿ ಅಂಗಡಿಗೆ ತಿರುಗಿಸ್ತಾಳೆ ಅಂತ ಸಿಟ್ಟು ಬಂದು, ಆಪರೇಟರೇ ಬೇಡ ಅಂತ ಮಾಡಿದ ಅನ್ನೋದು ಎಲ್ಲರೂ ಹೇಳೋ ಕಥೆ. ಕಥೆ ಎಷ್ಟು ನಿಜಾನೋ, ಸಿಟ್ಟಿನಿಂದ ಹುಟ್ಟಿದ ಯಂತ್ರ ಅಂದ್ರೆ ನನಗಂತೂ ನಂಬಿಕೆ ಬರತ್ತೆ.

ಇನ್ನೊಂದು ಗುಟ್ಟು. ಮನೇಲಿ ಮಕ್ಕಳು ಜಾಸ್ತಿ ಫೋನ್ ಮಾಡ್ಬಾರ್ದು ಅಂತ ಡಯಲ್ಲಿಗೆ ಒಂದು ಪುಟಾಣಿ ಬೀಗ ಹಾಕ್ತಿದ್ರು. ಲೈನ್ ಕಟ್ ಮಾಡಿ ಕೂಡಿಸೋದೇ ನಂಬರ್ ಆದ್ರೆ, ರಿಸೀವರ್ ಇಡೋ ಜಾಗದ ಗುಂಡಿನೂ ಅದೇ ಕೆಲಸ ಮಾಡತ್ತಲ್ವಾ? ಅದನ್ನೇ ಟಕಟಕಟಕಟಕ ನಾಲ್ಕು ಸಲ ಬಡಿದ್ರೆ 4. ಸ್ವಲ್ಪ ಬಿಡುವು ಕೊಟ್ಟು ಮುಂದಿನದು. ತಾಳ ಸರಿ ಇರ್ಬೇಕು ಅಷ್ಟೇ, ನಿಧಾನ ಆದ್ರೆ ಲೈನೇ ಕಟ್. ನಾನು ಒಂದು ಬೇಸಿಗೆ ರಜೆ ಪೂರ್ತಿ ಅಭ್ಯಾಸ ಮಾಡಿ ಕಲ್ತೆ, ಬಿಲ್ ಬಂದಾಗ ಅಪ್ಪ ಬೀಗಾನೂ ನನ್ನನ್ನೂ ಒಂದೊಂದ್ಸಲ ನೋಡಿದ್ರು.

ಕರೆಂಟ್ ಹೋದ್ರೂ ಆ ಫೋನ್ ಹೇಗೆ ನಡೀತಿತ್ತು?

ಅದಕ್ಕೆ ಬೇಕಾದ ಕರೆಂಟು ಮನೆಯಿಂದ ಅಲ್ಲ, ಆ ಎರಡು ಎಳೆ ತಂತಿಯಲ್ಲೇ ಎಕ್ಸ್‌ಚೇಂಜಿಂದ ಬರ್ತಿತ್ತು, ಸುಮಾರು 48 ವೋಲ್ಟ್. ಅಲ್ಲಿ ದೊಡ್ಡ ದೊಡ್ಡ ಬ್ಯಾಟರಿ ಇಟ್ಟಿರ್ತಿದ್ರು. ಚಾರ್ಜ್ ಮಾಡೋದು ಅನ್ನೋ ಮಾತೇ ಇರ್ಲಿಲ್ಲ.

ರೀಲ್ ಕ್ಯಾಮೆರಾದಲ್ಲಿ ತೆಗೆದ ಫೋಟೋ ತಕ್ಷಣ ನೋಡೋಕಾಗ್ತಿರ್ಲಿಲ್ಲ ಅಂದ್ರೆ ಚೆನ್ನಾಗಿ ಬಂದಿದ್ಯಾ ಅಂತ ಹೇಗೆ ಗೊತ್ತಾಗ್ತಿತ್ತು?

ಗೊತ್ತಾಗ್ತಿರ್ಲಿಲ್ಲ. ಅದೇ ಅದರ ಕಥೆ. ಒಂದು ರೀಲಿಗೆ 36 ಫೋಟೋ, ಚಿಕ್ಕದಾದ್ರೆ 24. ಅದೃಷ್ಟ ಇದ್ರೆ ಕೊನೇಲಿ ಒಂದು ಎರಡು ಜಾಸ್ತಿ. ರೀಲ್ ಮುಗಿಯೋ ತನಕ ತೊಳೆಸೋಕೆ ಕೊಡಲ್ಲ, ಹಾಗಾಗಿ ಒಂದೇ ರೀಲಲ್ಲಿ ಮಳೆಗಾಲದ ಫೋಟೋನೂ ಬೇಸಿಗೆ ಫೋಟೋನೂ ಇರ್ತಿತ್ತು, ಕೈಗೆ ಬಂದಾಗ "ಅಯ್ಯೋ, ಇದನ್ನೂ ತೆಗೆದಿದ್ವಾ" ಅನ್ನೋ ಹಾಗೆ. ಕಣ್ಣು ಮುಚ್ಚಿದವರು, ತಲೆ ಕಟ್ ಆದವರು, ಮೂಲೆಯಲ್ಲಿ ನನ್ನ ಹೆಬ್ಬೆರಳು, ಎಲ್ಲಕ್ಕೂ ಪ್ರಿಂಟ್ ದುಡ್ಡು ಕೊಡ್ಬೇಕು.

ಅಕ್ಕನ ಮದುವೆಗೆ ನಾನು ಸ್ನೇಹಿತನ ಕ್ಯಾಮೆರಾ ಕೇಳಿ ತಂದಿದ್ದೆ. ದೊಡ್ಡ ಫೋಟೋಗ್ರಾಫರ್ ಇದ್ರು, ಆದ್ರೂ ಒಳಮನೆ ಫೋಟೋಗಳೆಲ್ಲ ನಂದು ಅಂತ ಜಂಬ. ಹಿಂದಿನ ರಾತ್ರಿ ರೀಲ್ ಹಾಕ್ದೆ, ಫಿಲ್ಮಿನ ತುದೀನ ಆ ಕಡೆ ಸುರುಳಿಯ ಸೀಳಿಗೆ ಸಿಕ್ಕಿಸಿ ಮುಚ್ಚಳ ಮುಚ್ಚಿದೆ. ಮರುದಿನ ಬೆಳಗ್ಗಿಂದ ಸಂಜೆ ತನಕ ಕ್ಲಿಕ್, ಲಿವರ್ ಎಳಿ, ಕ್ಲಿಕ್. ಅಕ್ಕ ಅಳೋದು, ಅಜ್ಜಿ ಅವಳ ಕೂದಲು ಸರಿ ಮಾಡೋದು, ಅಪ್ಪ ಯಾರೂ ನೋಡ್ತಿಲ್ಲ ಅಂದ್ಕೊಂಡು ಮೂಲೇಲಿ ನಿಂತಿದ್ದು. ಸಂಖ್ಯೆ 36 ಆಯ್ತು. 37 ಆಯ್ತು, ಖುಷಿ ಆಯ್ತು. 38, 39, ಲಿವರ್ ಇನ್ನೂ ಸಲೀಸಾಗಿ ಬರ್ತಾನೇ ಇದೆ. 41ಕ್ಕೆ ಹೊಟ್ಟೆ ತಣ್ಣಗಾಯ್ತು. ಫಿಲ್ಮಿನ ತುದಿ ಸೀಳಿಂದ ಜಾರಿತ್ತು, ಇಡೀ ದಿನ ಒಂದು ಇಂಚೂ ಮುಂದೆ ಹೋಗಿರ್ಲಿಲ್ಲ. ಲಿವರ್ ಎಳೆದಾಗ ಎಡಗಡೆ ಇರೋ ರಿವೈಂಡ್ ಗುಂಡಿನೂ ಜೊತೆಗೆ ತಿರುಗ್ಬೇಕು, ಅದು ತಿರುಗಿದ್ರೆ ಫಿಲ್ಮ್ ಓಡ್ತಿದೆ ಅಂತ ಅರ್ಥ. ಈ ಒಂದು ವಿಷಯ ಆ ಸ್ನೇಹಿತ ನಂಗೆ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಅಕ್ಕನಿಗೆ "ಲ್ಯಾಬಲ್ಲಿ ಹಾಳು ಮಾಡಿದ್ರು" ಅಂತ ಅಂದ್ಬಿಟ್ಟಿದ್ದೆ. ಅಕ್ಕ, ನೀನು ಇದನ್ನ ಓದ್ತಿದ್ರೆ, ಲ್ಯಾಬಿನವರದ್ದು ಏನೂ ತಪ್ಪಿಲ್ಲ.

ಒಂದು ತಮಾಷೆ ಹೇಳ್ಲೇಬೇಕು. ಡಿಜಿಟಲ್ ಕ್ಯಾಮೆರಾ ಮೊದಲು ಮಾಡಿದ್ದು ಫಿಲ್ಮ್ ಮಾರ್ತಿದ್ದ ಕೊಡಾಕ್ ಕಂಪನಿಯಲ್ಲೇ, 1975ರಲ್ಲಿ, ಸ್ಟೀವನ್ ಸಾಸನ್ ಅನ್ನೋ ಎಂಜಿನಿಯರ್. 0.01 ಮೆಗಾಪಿಕ್ಸೆಲ್, ಕಪ್ಪು ಬಿಳುಪು, ಒಂದು ಚಿತ್ರ ಸೇವ್ ಆಗೋಕೆ 23 ಸೆಕೆಂಡ್, ಸೇವ್ ಆಗ್ತಿದ್ದಿದ್ದು ಎಲ್ಲಿ? ಕ್ಯಾಸೆಟ್ ಟೇಪಲ್ಲಿ. ಅದೇ ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕ್ತು.

ಸೇವ್ ಬಟನ್ ಮೇಲಿರೋ ಚೌಕದ ಚಿತ್ರ ಏನು?

ಫ್ಲಾಪಿ, ಫೈಲುಗಳನ್ನ ತುಂಬಿಡ್ತಿದ್ದ ಡಿಸ್ಕು. ಆಫೀಸಿನ ಒಬ್ಬ ಹುಡುಗ ನನ್ನ ಡ್ರಾಯರಲ್ಲಿದ್ದ ನಿಜವಾದ ಫ್ಲಾಪಿ ನೋಡಿ "ಸರ್, ಸೇವ್ ಐಕಾನನ್ನ ತ್ರೀಡಿ ಪ್ರಿಂಟ್ ಮಾಡಿಸಿದ್ರಾ" ಅಂದ. ಇದು ಹಳೇ ಜೋಕು ಅಂತ ಗೊತ್ತು, ಆದ್ರೆ ಅವನು ಜೋಕ್ ಮಾಡ್ತಿರ್ಲಿಲ್ಲ.

ಮೊದಲು ಬಂದಿದ್ದು ಐಬಿಎಂನ 8 ಇಂಚಿಂದು, 1971ರಲ್ಲಿ, ನಿಜವಾಗ್ಲೂ ಬೀಸಣಿಗೆ ಥರ ಬಾಗ್ತಿತ್ತು, ಫ್ಲಾಪಿ ಅನ್ನೋ ಹೆಸರು ಅದಕ್ಕೇ. ಆಮೇಲೆ ಐದೂಕಾಲು ಇಂಚು, ಆಮೇಲೆ ನಾವು ಜಾಸ್ತಿ ಬಳಸಿದ ಮೂರೂವರೆ ಇಂಚಿನ ಗಟ್ಟಿ ಪ್ಲಾಸ್ಟಿಕ್ಕಿಂದು. ಹಿಡಿಸ್ತಿದ್ದಿದ್ದು 1.44 ಎಂಬಿ. ಈಗಿನ ಫೋನಿನ ಒಂದೇ ಒಂದು ಫೋಟೋ ಕೂಡ ಅದರಲ್ಲಿ ಕೂರೋದು ಕಷ್ಟ. ದೊಡ್ಡ ಸಾಫ್ಟ್‌ವೇರ್ ಅಂದ್ರೆ ಫ್ಲಾಪಿಗಳ ಕಟ್ಟು, ವಿಂಡೋಸ್ 95 ಫ್ಲಾಪಿಯಲ್ಲಿ 13 ಬರ್ತಿತ್ತು, ಒಂದೊಂದೇ ಹಾಕ್ತಾ ತೆಗೀತಾ ಕೂತ್ಕೋಬೇಕು, ಯಾವುದೋ ಒಂದು ಕೆಟ್ಟಿತ್ತೋ ಮುಗೀತು. ಸುಮ್ನೆ ಕೂತಾಗ ಆ ತಗಡಿನ ಬಾಗಿಲನ್ನ ಬೆರಳಲ್ಲಿ ಸರಿಸಿ ಟಕ್ ಅಂತ ಬಿಡೋದು ಒಂದು ಚಟ, ಮೀಟಿಂಗಲ್ಲಿ ಬೈಸ್ಕೊಂಡಿದೀನಿ. ಸೋನಿ ಕಂಪನಿ 2011ರ ಮಾರ್ಚಲ್ಲಿ ಇದರ ಮಾರಾಟ ನಿಲ್ಲಿಸ್ತು.

ಕಂಪ್ಯೂಟರಲ್ಲಿ ಸಿ ಡ್ರೈವ್ ಇದೆ, ಎ, ಬಿ ಎಲ್ಲಿ ಹೋಯ್ತು?

ಅದೂ ಫ್ಲಾಪಿಗಳದ್ದೇ ಜಾಗ. ಹಾರ್ಡ್ ಡಿಸ್ಕ್ ಬರೋಕೆ ಮುಂಚೆ ಎ ಮತ್ತು ಬಿ ಎರಡೂ ಫ್ಲಾಪಿಗೆ ಮೀಸಲು, ಹಾರ್ಡ್ ಡಿಸ್ಕ್ ಬಂದಾಗ ಉಳಿದಿದ್ದು ಸಿ. ಸತ್ತವರ ಕುರ್ಚಿ ಖಾಲಿ ಬಿಟ್ಟ ಹಾಗೆ ಇನ್ನೂ ಬಿಟ್ಟಿದಾರೆ.

ಇಂಟರ್ನೆಟ್ ಕನೆಕ್ಟ್ ಆಗುವಾಗ ಕಿರುಚ್ತಿತ್ತಂತೆ?

ಹೂಂ. ಕಂಪ್ಯೂಟರನ್ನ ಫೋನ್ ಲೈನಿಗೆ ಜೋಡಿಸೋ ಮೋಡೆಮ್ ಅನ್ನೋ ಸಾಧನ ಆ ಲೈನಲ್ಲೇ ಆ ಕಡೆ ಮೋಡೆಮ್ಮಿಗೆ ಫೋನ್ ಹಚ್ತಿತ್ತು. ಮೊದಲು ಡಯಲ್ ಟೋನ್, ಆಮೇಲೆ ನಂಬರು, ಆಮೇಲೆ ಆ ಕಡೆಯಿಂದ ಒಂದು ಉದ್ದ ಕೀಂ, ಅದಾದ್ಮೇಲೆ ಎರಡೂ ಸೇರಿ ಕರ್ರ್ ಶ್ಶ್ ಡಾಂಯ್ ಡಾಂಯ್ ಅಂತ "ನಿನಗೆ ಎಷ್ಟು ಸ್ಪೀಡ್ ಆಗತ್ತೆ, ನನಗೆ ಇಷ್ಟಾಗತ್ತೆ, ಈ ಲೈನಲ್ಲಿ ಎಷ್ಟು ಗಲಾಟೆ ಇದೆ" ಅಂತ ಮಾತಾಡ್ಕೊಳ್ಳೋದು. ಆ ಸದ್ದನ್ನ ನಮಗೆ ಕೇಳಿಸ್ತಿದ್ದಿದ್ದು ಬೇಕಂತಲೇ, ರಾಂಗ್ ನಂಬರಿಗೆ ಹೋಗಿ ಯಾರೋ "ಹಲೋ ಹಲೋ" ಅಂತಿದ್ರೆ ಗೊತ್ತಾಗ್ಲಿ ಅಂತ. ಬೇಡ ಅಂದ್ರೆ ಎಟಿಎಂ0 ಅನ್ನೋ ಕಮಾಂಡ್ ಕೊಟ್ಟು ಬಾಯಿ ಮುಚ್ಚಿಸ್ಬಹುದಿತ್ತು. ರಾತ್ರಿ ಕದ್ದು ಕನೆಕ್ಟ್ ಮಾಡೋರಿಗೆಲ್ಲ ಅದು ಬಾಯಿಪಾಠ.

ಗರಿಷ್ಠ ಸ್ಪೀಡು ಸೆಕೆಂಡಿಗೆ 56 ಕಿಲೋಬಿಟ್, ಅದೂ ಕಾಗದದ ಮೇಲೆ. ಲೆಕ್ಕ ಹಾಕಿ, 4 ಎಂಬಿ ಹಾಡಿಗೆ ಎಲ್ಲ ಸರಿ ಇದ್ರೂ ಹತ್ತಿರ ಹತ್ತಿರ ಹತ್ತು ನಿಮಿಷ ಬೇಕು, ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಜಾಸ್ತಿ. ಒಂಬತ್ತನೇ ನಿಮಿಷಕ್ಕೆ ಅಮ್ಮ ಪಕ್ಕದ ರೂಮಲ್ಲಿ ರಿಸೀವರ್ ಎತ್ತಿದ್ರೆ ಕನೆಕ್ಷನ್ ಢಮಾರ್. ಮನೇಲಿ ಜಗಳಕ್ಕೆ ಬೇರೆ ಕಾರಣ ಬೇಕಿರ್ಲಿಲ್ಲ.

ಟಿವಿಗೆ ಹೊಡೆದ್ರೆ ನಿಜವಾಗ್ಲೂ ಸರಿ ಹೋಗ್ತಿತ್ತಾ?

ಎಷ್ಟೋ ಸಲ ಹೋಗ್ತಿತ್ತು, ಅದು ಮೂಢನಂಬಿಕೆ ಅಲ್ಲ. ಒಳಗೆ ಬಿಸಿ ಆಗಿ ತಣ್ಣಗಾಗಿ ಬೆಸುಗೆ ಬಿರುಕು ಬಿಟ್ಟಿರತ್ತೆ, ಇಲ್ಲಾ ಸಾಕೆಟ್ ಸಡಿಲ ಆಗಿರತ್ತೆ, ಹೊಡೆದ ಏಟಿಗೆ ಕೂಡ್ಕೊಳ್ಳತ್ತೆ. ಎಲ್ಲಿ ಹೊಡೀಬೇಕು, ಎಷ್ಟು ಜೋರು ಅನ್ನೋದು ಮನೆಗೊಬ್ಬರಿಗೆ ಮಾತ್ರ ಗೊತ್ತು. ನಮ್ಮನೇಲಿ ಅಜ್ಜಿಗೆ ಗೊತ್ತಿತ್ತು. ಬಲಗಡೆ, ಹಿಂಭಾಗಕ್ಕೆ ಹತ್ರ, ಅಂಗೈ ತೆರೆದು, ಒಂದೇ ಏಟು. ನಾವು ಹತ್ತು ಹೊಡೆದ್ರೂ ಬರದ ಚಿತ್ರ ಅವರ ಒಂದಕ್ಕೆ ಬರ್ತಿತ್ತು.

ಆ ದಪ್ಪ ಟಿವಿ ಬಗ್ಗೆ ಈಗಿನ ಮಕ್ಕಳಿಗೆ ಗೊತ್ತಿಲ್ಲದ್ದು ಇನ್ನೂ ಎರಡು. ಒಂದು, ಆನ್ ಇದ್ದಾಗ ಗಾಜಿನ ಹತ್ರ ಕೈ ಒಯ್ದ್ರೆ ಕೈ ಮೇಲಿನ ಕೂದಲು ಎದ್ದು ನಿಲ್ತಿತ್ತು, ಚಿಟಚಿಟ ಅಂತಿತ್ತು. ಇನ್ನೊಂದು, ಮ್ಯೂಟ್ ಮಾಡಿದ್ರೂ ಒಂದು ಸಣ್ಣ ಕೀಂ ಸದ್ದು ಬರ್ತಿತ್ತು. 625 ಗೆರೆ, ಸೆಕೆಂಡಿಗೆ 25 ಚಿತ್ರ, ಗುಣಿಸಿ, 15,625. ಅಷ್ಟು ಹರ್ಟ್ಸ್ ಸದ್ದು ಅದು, ವಯಸ್ಸಾದವರಿಗೆ ಕೇಳಲ್ಲ, ಮಕ್ಕಳಿಗೆ ಕೇಳತ್ತೆ. ಮನೆ ಒಳಗೆ ಕಾಲಿಡ್ತಿದ್ದ ಹಾಗೇ "ಟಿವಿ ಆನ್ ಇದೆ" ಅಂತ ಹೇಳಿಬಿಡ್ತಿದ್ದೆ, ದೊಡ್ಡವರು ನಂಬ್ತಿರ್ಲಿಲ್ಲ. ಈಗ ನನಗೆ ಕೇಳಿಸೋ ವಯಸ್ಸೂ ಇಲ್ಲ, ಆ ಟಿವಿನೂ ಇಲ್ಲ.

ಚಾನೆಲ್ ಇಲ್ಲದಾಗ ಬರ್ತಿದ್ದ ಚುಕ್ಕೆ ಚುಕ್ಕೆ ಏನು?

ಆಂಟೆನಾಗೆ ಸಿಕ್ಕಿದ ಕಂಡಕಂಡ ರೇಡಿಯೋ ಗಲಾಟೆ, ಜೊತೆಗೆ ಟಿವಿಯ ಒಳಗಿನದ್ದೇ ಗಲಾಟೆ. ಅದರಲ್ಲಿ ಒಂದು ಚೂರು, ಬಹಳ ಸಣ್ಣ ಪಾಲು, ವಿಶ್ವ ಹುಟ್ಟಿದ ಕಾಲದಿಂದ ಉಳಿದಿರೋ ವಿಕಿರಣ. ಪೆಂಜಿಯಾಸ್ ಮತ್ತು ವಿಲ್ಸನ್ ಅನ್ನೋ ಇಬ್ಬರು ದೊಡ್ಡ ಆಂಟೆನಾ ಇಟ್ಕೊಂಡು ಅದನ್ನೇ ಹಿಡಿದು 1965ರಲ್ಲಿ ಪ್ರಕಟಿಸಿದ್ರು, ನೊಬೆಲ್ ಬಂತು. ನಾವು ಅದನ್ನ "ಇರುವೆ ಓಡಾಡ್ತಿದೆ" ಅಂತಿದ್ವಿ.

ಕೀಪ್ಯಾಡ್ ಫೋನಲ್ಲಿ ಮೆಸೇಜ್ ಟೈಪ್ ಮಾಡೋದು ಅಷ್ಟು ಕಷ್ಟ ಇತ್ತಾ?

ಕಷ್ಟ ಇರ್ಲಿಲ್ಲ ರೀ, ಅದೇ ಮಜಾ. ಒಂದೊಂದು ಬಟನ್ ಮೇಲೆ ಮೂರು ನಾಲ್ಕು ಅಕ್ಷರ, ಎಸ್ ಬೇಕು ಅಂದ್ರೆ 7ನ್ನ ನಾಲ್ಕು ಸಲ ಒತ್ಬೇಕು. ಎರಡು ತಿಂಗಳು ಆದ್ಮೇಲೆ ಫೋನ್ ನೋಡೋದೇ ಬೇಡ, ಜೇಬಲ್ಲಿ ಕೈ ಇಟ್ಕೊಂಡು, ಎದುರಿಗೆ ಪಾಠ ಮಾಡೋರ ಮುಖ ನೋಡ್ತಾ ಪೂರ್ತಿ ಮೆಸೇಜ್ ಕಳಿಸ್ತಿದ್ವಿ. ಈ ಗಾಜಿನ ಫೋನಲ್ಲಿ ಮಾಡಿ ನೋಡೋಣ.

ಒಂದು ಮೆಸೇಜಿಗೆ 160 ಅಕ್ಷರದ ಮಿತಿ, ಅದು ಇಂಗ್ಲಿಷಿಗೆ. ಜಾಗ 140 ಬೈಟು, ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಹಿಡಿಸತ್ತೆ. ಕನ್ನಡಕ್ಕೆ 16 ಬಿಟ್ ಬೇಕು, ಹಾಗಾಗಿ 70ಕ್ಕೆ ಮುಗೀತು, ಅದರಲ್ಲೂ ಒತ್ತು, ದೀರ್ಘ, ಕಾಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. "ಸ್ತ್ರೀ" ಅಂತ ಬರೆದ್ರೆ ಕಣ್ಣಿಗೆ ಒಂದು ಅಕ್ಷರ, ಫೋನಿನ ಲೆಕ್ಕದಲ್ಲಿ ಅರ್ಧ ಡಜನ್. ನಾವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯೋದು ಕಲಿತು ಇವತ್ತಿಗೂ ಬಿಡೋಕಾಗ್ದೆ ಒದ್ದಾಡ್ತಿರೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ವಾದ. ಮೊಟ್ಟಮೊದಲ ಎಸ್ಸೆಮ್ಮೆಸ್ ಹೋಗಿದ್ದು 1992ರ ಡಿಸೆಂಬರ್ 3ಕ್ಕೆ, "ಮೆರ್ರಿ ಕ್ರಿಸ್ಮಸ್" ಅಂತ, ಮೂರು ವಾರ ಮುಂಚೆನೇ.

ಇಮೇಲಲ್ಲಿ ಸಿಸಿ ಅಂದ್ರೆ ಏನು, ಎಂಟರ್ ಕೀಗೆ ರಿಟರ್ನ್ ಅಂತ ಯಾಕೆ ಹೆಸರು?

ಎರಡೂ ಟೈಪ್‌ರೈಟರ್ ಬಿಟ್ಟುಹೋದ ಆಸ್ತಿ. ಸಿಸಿ ಅಂದ್ರೆ ಕಾರ್ಬನ್ ಕಾಪಿ, ಎರಡು ಹಾಳೆ ಮಧ್ಯೆ ಕಾರ್ಬನ್ ಇಟ್ಟು ಹೊಡೆದ್ರೆ ಕೆಳಗಿನ ಹಾಳೆಯಲ್ಲೂ ಮೂಡತ್ತೆ. ನಾಲ್ಕನೇ ಪ್ರತಿ ಯಾರಿಗೆ ಹೋಗತ್ತೋ ಅವರು ಪಾಪ, ಬರೀ ಮಸಿ. ಒಂದು ತಪ್ಪಾದ್ರೆ ಎಲ್ಲ ಪ್ರತಿಯಲ್ಲೂ ಒಂದೊಂದಾಗಿ ಅಳಿಸ್ಬೇಕು.

ರಿಟರ್ನ್ ಅಂದ್ರೆ, ಸಾಲು ಮುಗಿಯೋ ಹೊತ್ತಿಗೆ ಟಿಂಗ್ ಅಂತ ಗಂಟೆ ಬಾರಿಸತ್ತೆ, ಆಗ ಎಡಗೈಯಲ್ಲಿ ಲಿವರ್ ಹಿಡಿದು ಪೇಪರ್ ಇರೋ ಭಾಗವನ್ನ ಸರ್ರ್ ಅಂತ ವಾಪಸ್ ತಳ್ಳೋದು, ಅದೇ ರಿಟರ್ನ್. ಅದೇ ಲಿವರ್ ಪೇಪರನ್ನ ಒಂದು ಸಾಲು ಮೇಲಕ್ಕೂ ತಳ್ಳತ್ತೆ. ಇವತ್ತಿಗೂ ವಿಂಡೋಸಲ್ಲಿ ಟೆಕ್ಸ್ಟ್ ಫೈಲ್ ಮಾಡಿದ್ರೆ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಗುರುತು ಕೂತಿರತ್ತೆ, ಒಂದು ವಾಪಸ್ ತಳ್ಳು ಅಂತ, ಇನ್ನೊಂದು ಒಂದು ಸಾಲು ಏರಿಸು ಅಂತ. ತಳ್ಳೋಕೆ ಏನೂ ಇಲ್ಲ, ಆದ್ರೂ. ಶಿಫ್ಟ್ ಕೀ ಕೂಡ ಹಾಗೇ, ನಿಜವಾಗ್ಲೂ ಒಳಗೆ ಏನೋ ಭಾರ ಎತ್ತಿ ಸರಿಸ್ತಿತ್ತು, ಕಿರುಬೆರಳು ಸಂಜೆ ಹೊತ್ತಿಗೆ ನೋಯ್ತಿತ್ತು.

ವಿಸಿಆರ್, ಪೇಜರ್ ಬಗ್ಗೆ?

ವಿಸಿಆರ್ ಅಂದ್ರೆ ದೊಡ್ಡ ವೀಡಿಯೋ ಕ್ಯಾಸೆಟ್ ಹಾಕಿ ಟಿವಿಯಲ್ಲಿ ನೋಡೋ ಯಂತ್ರ, ಕ್ಯಾಸೆಟ್ ನೋಡಿ ವಾಪಸ್ ಕೊಡುವಾಗ ರಿವೈಂಡ್ ಮಾಡ್ದೆ ಕೊಟ್ರೆ ಬೈಗುಳ. ಕೊನೇ ತನಕ ಅದನ್ನ ತಯಾರಿಸ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ನಿಲ್ಲಿಸ್ತು. ಪೇಜರ್ ನಾನು ಬೆಲ್ಟಿಗೆ ಸಿಗಿಸಿದ್ದು ಒಂದೇ ವರ್ಷ. ಸೊಂಟದಲ್ಲಿ ಕುಂಯ್ ಅನ್ನತ್ತೆ, ನಂಬರ್ ತೋರಿಸತ್ತೆ, ಫೋನ್ ಹುಡ್ಕೊಂಡು ಓಡು. ಅದರ ಬಗ್ಗೆ ನನಗೇನೂ ಪ್ರೀತಿ ಇಲ್ಲ.

ಹಾಗಾದ್ರೆ ಆ ಕಾಲವೇ ಚೆನ್ನಾಗಿತ್ತು ಅಂತೀರಾ?

ಇಲ್ಲಪ್ಪ. ಕ್ಯಾಸೆಟ್ಟಲ್ಲಿ ದನಿ ಚೆನ್ನಾಗಿರ್ತಿತ್ತು ಅನ್ನೋರು ಸುಳ್ಳು ಹೇಳ್ತಾರೆ, ಬರೀ ಶ್ಶ್ ಶ್ಶ್. ಮದುವೆ ಫೋಟೋ ಕಥೆ ಮೇಲೇ ಹೇಳಿದೀನಲ್ಲ. ಸಾಮಾನುಗಳನ್ನ ಅಟ್ಟದಿಂದ ಇಳಿಸಿ ಮತ್ತೆ ದಿನಾ ಬಳಸು ಅಂದ್ರೆ ನಾನು ಒಲ್ಲೆ.

ನನಗೆ ಹೊಟ್ಟೆ ಉರಿಯೋದು ಬೇರೆದಕ್ಕೆ. ಸಿಕ್ಕಿದ ಟೇಪ್ ಬಿಡಿಸೋದು, ಗುಂಡಿ ಬಡಿದು ಫೋನ್ ಹಚ್ಚೋದು, ಅಜ್ಜಿಯ ಆ ಒಂದು ಏಟು, ಜೇಬೊಳಗೆ ಟೈಪ್ ಮಾಡೋದು, ಇವೆಲ್ಲ ಕೈ ಕಲಿತ ವಿದ್ಯೆಗಳು. ವರ್ಷಗಟ್ಟಲೆ ಹಿಡಿದಿತ್ತು ಕಲಿಯೋಕೆ. ಸಾಮಾನು ಹೋದಾಗ ವಿದ್ಯೆನೂ ಒಂದೇ ದಿನಕ್ಕೆ ರದ್ದಾಯ್ತು, ಯಾರೂ ಒಂದು ಮಾತು ಹೇಳ್ಲಿಲ್ಲ. ಕೈಗೆ ಮಾತ್ರ ಇನ್ನೂ ಗೊತ್ತು. ಮೊನ್ನೆ ಆ ಕಪ್ಪು ಫೋನ್ ಮುಂದೆ ಕೂತು ಹಳೇ ಮನೆ ನಂಬರ್ ಹೇಳೋಕೆ ನೋಡ್ದೆ, ಬಾಯಿಗೆ ಬರ್ಲಿಲ್ಲ, ಡಯಲ್ಲಿಗೆ ಬೆರಳಿಟ್ಟೆ, ತಾನಾಗೇ ತಿರುಗಿಸ್ತು, ಆರೂ ಅಂಕಿ.

ನಮ್ಮನೇಲೂ ಹಳೇ ಕ್ಯಾಸೆಟ್ಟು, ಸಾಮಾನು ಇದೆ, ಏನ್ ಮಾಡ್ಲಿ?

ಮನೆಯವರ ದನಿ ಇರೋ ಕ್ಯಾಸೆಟ್ ಏನಾದ್ರೂ ಇದ್ರೆ ಇವತ್ತೇ ಬೇರೆ ಇಡಿ, ಟೇಪು ಶಾಶ್ವತ ಅಲ್ಲ, ಬೂಷ್ಟು ಹಿಡಿಯತ್ತೆ, ಮೇಲಿನ ಲೇಪ ಉದುರತ್ತೆ. ಹೆಡ್‌ಫೋನ್ ತೂತಿಂದ ಒಂದು ವೈರ್ ಎಳೆದು ಕಂಪ್ಯೂಟರಿಗೆ ರೆಕಾರ್ಡ್ ಮಾಡ್ಕೊಂಡ್ರೂ ಸಾಕು. ತುಂಬಾ ವರ್ಷ ಮುಟ್ಟದ ಕ್ಯಾಸೆಟ್ಟನ್ನ ಹಾಕಿದ ತಕ್ಷಣ ಪ್ಲೇ ಒತ್ತಬೇಡಿ, ಮೊದಲು ಪೆನ್ಸಿಲ್ ಹಾಕಿ ಕೈಯಲ್ಲೇ ಸ್ವಲ್ಪ ತಿರುಗಿಸಿ, ಬಿಗಿ ಇದ್ಯಾ ಅಂಟಿದ್ಯಾ ನೋಡಿ. ರೇಡಿಯೋ, ಟಾರ್ಚು, ಕ್ಯಾಮೆರಾ, ಯಾವುದೇ ಇರ್ಲಿ, ಒಳಗಿನ ಸೆಲ್ ತೆಗೆದುಬಿಡಿ, ಅದು ಸೋರಿದ್ರೆ ತಗಡು ತಿಂದುಹಾಕತ್ತೆ. ದಪ್ಪ ಟಿವಿಯ ಹಿಂಭಾಗ ಮಾತ್ರ ಕುತೂಹಲಕ್ಕೂ ಬಿಚ್ಚಬೇಡಿ, ಪ್ಲಗ್ ತೆಗೆದಿದ್ರೂ ಒಳಗೆ ಜೋರು ಹೊಡೆಯೋ ಅಷ್ಟು ಕರೆಂಟ್ ಉಳಿದಿರಬಹುದು. ಗಾಜಲ್ಲಿ ಸೀಸ ಇರತ್ತೆ, ಕಸದ ಬುಟ್ಟಿಗೆ ಹಾಕೋ ವಸ್ತು ಅಲ್ಲ, ಇ-ತ್ಯಾಜ್ಯ ತಗೊಳ್ಳೋರಿಗೇ ಕೊಡಿ.

ನಿಮ್ಮತ್ರ ಇರೋದ್ರಲ್ಲಿ ಯಾವುದಾದ್ರೂ ಈಗ್ಲೂ ಕೆಲಸ ಮಾಡತ್ತಾ?

ಟೇಪ್ ರೆಕಾರ್ಡರ್ ಮುಕ್ಕಾಲು ಭಾಗ ಮಾಡತ್ತೆ. ಆನ್ ಆಗತ್ತೆ, ಮೋಟಾರ್ ತಿರುಗತ್ತೆ, ಹಾಡು ಮಾತ್ರ ನಿದ್ದೆಗಣ್ಣಲ್ಲಿ ಹಾಡಿದ ಹಾಗೆ ಎಳೆದೆಳೆದು ಬರತ್ತೆ. ಒಳಗಿನ ರಬ್ಬರ್ ಬೆಲ್ಟ್ ಸಡಿಲ ಆಗಿದೆ. ಅಕ್ಕನ ಮಗನೇ ಸ್ಕ್ರೂ ಬಿಚ್ಚಿದ್ದು, ಬೆಲ್ಟ್ ಮುಟ್ಟಿದ್ರೆ ಬೆರಳಿಗೆ ಕಪ್ಪಗೆ ಡಾಂಬರಿನ ಹಾಗೆ ಅಂಟ್ತು, ಸ್ಪಿರಿಟ್ ಹಾಕಿ ಚಕ್ರಗಳನ್ನ ಒರೆಸಿದ್ವಿ. ಹಳೇ ಬೆಲ್ಟ್ ಹಿಗ್ಗಿರೋದ್ರಿಂದ ಅದರ ಅಳತೆ ನಂಬೋ ಹಾಗಿಲ್ಲ. ಹೊಲಿಗೆ ದಾರ ತಗೊಂಡು ಚಕ್ರಗಳ ಸುತ್ತ ಬೆಲ್ಟ್ ಹೋಗೋ ದಾರಿಯಲ್ಲೇ ಸುತ್ತಿ, ಗಂಟು ಬರೋ ಜಾಗಕ್ಕೆ ಪೆನ್ನಲ್ಲಿ ಗುರುತು ಹಾಕಿ, ಬಿಡಿಸಿ ಸ್ಕೇಲಿನ ಮೇಲೆ ಇಟ್ವಿ. 24.5 ಸೆಂಟಿಮೀಟರ್ ಬಂತು, ನೂರಕ್ಕೆ ಐದರಷ್ಟು ಕಮ್ಮಿ ಇರೋ ಬೆಲ್ಟ್ ತರ್ಬೇಕು. ಅವನು ಎರಡನೇ ಸಲ ಸುತ್ತಿದಾಗ 24.1 ಬಂತು. ದಾರ ಬಿಗಿ ಹಿಡಿದಿದ್ದು ಯಾರು, ಸಡಿಲ ಹಿಡಿದಿದ್ದು ಯಾರು ಅಂತ ಇನ್ನೂ ಜಗಳ ನಡೀತಿದೆ, ಭಾನುವಾರ ಮತ್ತೆ ಅಳೀತೀವಿ.